ಆಡು ಮುಟ್ಟದ ಸೊಪ್ಪು: ಚಂದ್ರವಳ್ಳಿಯಲ್ಲಿ ಒಂದು ಬೆಳಗು

ಚಿತ್ರದುರ್ಗ, 17 ನವೆಂಬರ್ 2024, ಭಾನುವಾರ

ಬೆಳಿಗ್ಗೆ ಆರೂಕಾಲಿಗೆ ಚಿಕ್ಕಪ್ಪನವರ ಜೊತೆ ಚಂದ್ರವಳ್ಳಿಗೆ ಹೋಗಿದ್ದೆ. ಕಾರ್ತಿಕ ಹುಣ್ಣಿಮೆ ಕಳೆದು ಎರಡು ದಿನವಾಗಿದ್ದರಿಂದ ಪಶ್ಚಿಮದಲ್ಲಿ ಚಂದ್ರ ಇನ್ನೂ ಮುಳುಗಿರಲಿಲ್ಲ. ಕೋಟೆಯ ಬೆಟ್ಟ, ಕಿರುಬನಕಲ್ಲು ಮತ್ತು ಚೋಳಗುಡ್ಡಗಳ ನಡುವಿನ ಈ ಕಣಿವೆಗೆ ಬಿಸಿಲು ತಡವಾಗಿ ಇಳಿಯುತ್ತದೆ; ಊರಿನ ತಾರಸಿಗಳೆಲ್ಲ ಬೆಳಗಿದ ಮೇಲೂ ಕೆರೆಯ ದಂಡೆಯಲ್ಲಿ ಅರ್ಧ ಗಂಟೆಯಷ್ಟು ಹೊತ್ತು ನಸುಗತ್ತಲೆ ಉಳಿದಿರುತ್ತದೆ. ವಾಯುವಿಹಾರಕ್ಕೆ ಬರುವ ನಮ್ಮಂಥವರಿಗೆ ಆ ಅರ್ಧ ಗಂಟೆಯೇ ಮುಖ್ಯ.

ಕಳೆದ ತಿಂಗಳ ಮಳೆಗೆ ಕೆರೆಯಲ್ಲಿ ನೀರು ಚೆನ್ನಾಗಿ ನಿಂತಿದೆ. ವರ್ಷಕ್ಕೆ ಆರುನೂರು ಮಿಲಿಮೀಟರ್ ಮಳೆ ಬಿದ್ದರೆ ಸಮೃದ್ಧಿ ಎಂದುಕೊಳ್ಳುವ ನಮ್ಮ ಬಯಲುಸೀಮೆಯಲ್ಲಿ, ಬೋಳು ಬಂಡೆಗಳ ಮೇಲೆ ಬಿದ್ದ ನೀರು ಎಲ್ಲಿಯೂ ಇಂಗದೆ ಜಾರಿ ಬಂದು ಸೇರುವ ತಗ್ಗು ಇದು. ನೀರಿನ ಬದಿಗೆ ಆಲ, ಹೊಂಗೆ, ಹುಣಸೆ, ಬೇವುಗಳು ದಟ್ಟವಾಗಿ ನಿಂತಿವೆ. ಇಲ್ಲಿ ಕೆರೆ ಕಟ್ಟಬೇಕೆಂಬ ಯೋಚನೆ ಹೊಸದೇನಲ್ಲ. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲಿರುವ, ನಾಲ್ಕನೆಯ ಶತಮಾನದ ಕದಂಬ ಮಯೂರಶರ್ಮನ ಪ್ರಾಕೃತ ಶಾಸನದಲ್ಲಿ ಕೆರೆ ಎಂಬ ಅರ್ಥದ ‘ತಟಾಕ’ ಎಂಬ ಪದವೇ ಇದೆ. ಪುರಾತತ್ವಜ್ಞ ಎಂ. ಎಚ್. ಕೃಷ್ಣ ಅವರು ಓದಿರುವಂತೆ ಪಲ್ಲವ, ಆಭೀರ, ತ್ರೈಕೂಟ, ಪುನ್ನಾಟ ಮೊದಲಾದವರನ್ನು ಗೆದ್ದವನ ಹೊಗಳಿಕೆ ಅದರಲ್ಲಿದೆ. ಆದರೆ ಇಷ್ಟೆಲ್ಲ ಗೆಲುವುಗಳನ್ನು ಬರೆಸಿದ ಅರಸನು ಅವನ್ನು ಒಂದು ಕೆರೆಯ ನೆಪದಲ್ಲಿ ಬರೆಸಿದನೆಂಬುದೇ ನನಗೆ ಪ್ರತಿ ಸಲವೂ ಹಿಡಿಸುವ ಸಂಗತಿ. ಈಗಿನ ಏರಿಯೇ ಅಂದಿನದು ಎಂದು ನಾನು ಹೇಳಲಾರೆ, ತಗ್ಗಂತೂ ಅದೇ.

ಅಂಕಲಿ ಮಠದ ಗುಹೆಗಳಿಗೆ ಇಂದು ಇಳಿಯಲಿಲ್ಲ. ಅದರ ಬದಲು ಕೆರೆಯನ್ನು ಬಿಟ್ಟು ಇಳಿಜಾರಿನ ಕಾಲುದಾರಿ ಹಿಡಿದೆವು. ನೂರು ಹೆಜ್ಜೆ ಏರುವಷ್ಟರಲ್ಲಿ ದೊಡ್ಡ ಮರಗಳು ಮುಗಿದು, ತಂಗಡಿ, ಲಂಟಾನ, ಬಂದರೆ ಗಿಡಗಳು, ಅವುಗಳ ನಡುವೆ ಎಲ್ಲಿ ನೋಡಿದರೂ ಸೀತಾಫಲದ ಗಿಡಗಳು. ಕಲ್ಲಿನ ಸಂದಿಯಲ್ಲಿ ಒಂದು ಬೊಗಸೆ ಮಣ್ಣಿದ್ದರೂ ಅಲ್ಲೊಂದು ಗಿಡ. ಇಷ್ಟು ವರ್ಷ ನೋಡಿಯೂ, ಇವೇ ಏಕೆ ಉಳಿದವು ಎಂದು ನಾನು ಕೇಳಿಕೊಂಡಿರಲಿಲ್ಲ. ಹೊಸದುರ್ಗದ ಕಡೆಯ ಹಳ್ಳಿಯಲ್ಲಿ ಹುಡುಗನಾಗಿದ್ದಾಗ ಆಡು ಕಾಯ್ದಿದ್ದ ಚಿಕ್ಕಪ್ಪನವರು ಒಂದು ಎಲೆ ಕಿತ್ತು, ಹೊಸಕಿ, ನನ್ನ ಮೂಗಿನ ಹತ್ತಿರ ಹಿಡಿದರು. ತೀಕ್ಷ್ಣವಾದ, ಸ್ವಲ್ಪ ಔಷಧಿಯಂಥ ಘಾಟು. “ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲಮ್ಮ, ಆ ಗಾದೆ ಕಟ್ಟಿದೋನು ಆಡು ಕಾಯ್ದೋನಲ್ಲ. ಇದನ್ನ ಮೂಸಿ ನೋಡಿ ಮುಂದಕ್ಕೆ ಹೋಗ್ತವೆ,” ಎಂದರು.

ಅಲ್ಲಿಂದ ಮುಂದೆ ಇಡೀ ಗುಡ್ಡ ನನಗೆ ಬೇರೆಯಾಗಿ ಕಂಡಿತು. ಸೀತಾಫಲ, ತಂಗಡಿ, ಲಂಟಾನ, ಬಂದರೆ ಎಲ್ಲವೂ ಆಡುಗಳಿಗೆ ಬೇಡವಾದವೇ. ತಲೆತಲಾಂತರದಿಂದ ಮಂದೆಗಳು ಮೇಯ್ದು ಮೇಯ್ದು, ತಮಗೆ ರುಚಿಸದ್ದನ್ನು ಮಾತ್ರ ಬಿಟ್ಟುಹೋದದ್ದರ ಶೇಷವನ್ನೇ ನಾವು ಕಾಡು ಎಂದು ಕರೆದು, ಬೆಳಿಗ್ಗೆ ಬಂದು ಉಸಿರು ತೆಗೆದುಕೊಳ್ಳುತ್ತೇವೆ. (ಜೋಗಿಮಟ್ಟಿಯ ದಾರಿಯಲ್ಲಿರುವ ದೇವರಿಗೆ ಆಡುಮಲ್ಲೇಶ್ವರ ಎಂಬ ಹೆಸರಿದೆ, ಈ ಗುಡ್ಡಗಳನ್ನು ರೂಪಿಸಿದವರಿಗೆ ಸಲ್ಲಬೇಕಾದ ಗೌರವ ಹೀಗಾದರೂ ಸಂದಿದೆ ಎಂದು ನಗು ಬಂತು.) ಸೀತೆಯ ಹೆಸರು ಹೊತ್ತ ಈ ಹಣ್ಣಾದರೂ ಅಮೆರಿಕದ ಉಷ್ಣವಲಯದ್ದು, ಪೋರ್ಚುಗೀಸರು ಬಂದ ನಂತರವಷ್ಟೇ ನಮ್ಮಲ್ಲಿ ಹಬ್ಬಿದ್ದು. ಲಂಟಾನವೂ ಅಲ್ಲಿಂದಲೇ ಬಂದದ್ದು. ಹೊರಗಿನವರಿಗೆ ಈ ಕಣಿವೆ ಅಪರಿಚಿತವೂ ಅಲ್ಲ: ಇಲ್ಲಿನ ನೆಲದಲ್ಲಿ ರೋಮಿನ ಅಗಸ್ಟಸ್ ಮತ್ತು ಟೈಬೀರಿಯಸ್‌ರ ಬೆಳ್ಳಿ ನಾಣ್ಯಗಳು ಸಿಕ್ಕಿವೆ, 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ಇಲ್ಲಿ ಉತ್ಖನನ ನಡೆಸಿದ್ದರು.

ಹಾಗೆಂದು ಲಂಟಾನದ ಮೇಲೆ ನನಗೆ ಪ್ರೀತಿಯೇನೂ ಹುಟ್ಟಲಿಲ್ಲ. ಅದು ಹಬ್ಬಿದ ಕಡೆ ಬುಡದಲ್ಲಿ ಹುಲ್ಲು ಬೆಳೆದಿಲ್ಲ, ಕಾಲುದಾರಿ ಮುಚ್ಚಿಹೋಗಿದೆ, ನನ್ನ ಸೀರೆಯ ಅಂಚೂ ಹರಿಯಿತು. ಸೀರೆ ಬಿಡಿಸಿಕೊಳ್ಳಲು ಕೈಚೀಲವನ್ನು ಬಂಡೆಯ ಮೇಲಿಟ್ಟದ್ದೇ ತಪ್ಪಾಯಿತು. ಒಂದು ಕೋತಿ ಬಂದು, ಅದರಲ್ಲಿದ್ದ ಮಂಡಕ್ಕಿಯ ಪೊಟ್ಟಣವನ್ನು ಮಾತ್ರ ತೆಗೆದುಕೊಂಡು, ಕನ್ನಡಕದ ಡಬ್ಬಿಯನ್ನು ಬಿಟ್ಟುಹೋಯಿತು. ಪೊಟ್ಟಣದ ಪ್ಲಾಸ್ಟಿಕ್ ಗಿಡಕ್ಕೆ ಸಿಕ್ಕಿಕೊಂಡಿತು. ಕೈಗೆ ಎಟುಕಲಿಲ್ಲ, ಅಲ್ಲೇ ಉಳಿಯಿತು. ಈ ಜಾಗದಲ್ಲಿ ಕಸ ಬಿಸಾಡುವವರನ್ನು ಬೈಯುತ್ತಲೇ ಹತ್ತಿದ್ದ ನಾನು ಇಳಿಯುವಾಗ ಸುಮ್ಮನಿದ್ದೆ.

ಕೆಳಗೆ ಒಬ್ಬ ಅಜ್ಜಿ ಕುಕ್ಕೆಯಲ್ಲಿ ಸೀತಾಫಲ ಇಟ್ಟುಕೊಂಡು ಕುಳಿತಿದ್ದರು. ಸುಗ್ಗಿ ಮುಗಿಯುತ್ತ ಬಂದದ್ದರಿಂದ ಕಾಯಿಗಳು ಚಿಕ್ಕವು, ಕೆಲವದರ ಸಂದಿಗಳಲ್ಲಿ ಹಿಟ್ಟಿನಂಥ ಬಿಳಿ ಹುಳು. ಐವತ್ತು ರೂಪಾಯಿಗೆ ಒಂದು ಗುಡ್ಡೆ. ಚಿಕ್ಕಪ್ಪನವರು ಹಣ್ಣನ್ನು ಮುಟ್ಟಲಿಲ್ಲ. ಉಬ್ಬುಗಳು ಬಿರಿದು ನಡುವೆ ತಿಳಿಹಳದಿ ಗೆರೆ ಮೂಡಿದವನ್ನು, ಎಂದರೆ ಕಣ್ಣು ಬಿಟ್ಟವನ್ನು, ನೋಡಿಯೇ ಆರಿಸಿದರು. ಕಣ್ಣು ಬಿಡದ ಕಾಯಿಯನ್ನು ಎಷ್ಟು ದಿನ ಇಟ್ಟರೂ ಅದು ಹಣ್ಣಾಗದೆ ಕಪ್ಪಾಗಿ ಒಣಗುತ್ತದೆಯಂತೆ. ಏಳು ಕಾಯಿಗಳನ್ನು ತಂದು ಅಕ್ಕಿ ಡಬ್ಬಿಯಲ್ಲಿ ಹುದುಗಿಸಿಟ್ಟಿದ್ದೇನೆ. ರಾತ್ರಿ ಊಟಕ್ಕೆ ಅಕ್ಕಿ ತೆಗೆಯುವಾಗ ಒಂದನ್ನು ಒತ್ತಿ ನೋಡಿದೆ, ಇನ್ನೂ ಗಟ್ಟಿ.