ಅರ್ಧಕ್ಕೇ ನಿಂತ ಚಪ್ಪಾಳೆ

ಟಿಕೆಟ್ ನನ್ನದಲ್ಲ, ಕೆಳಗಿನ ಮನೆಯ ಅಜ್ಜಿಯದು. ನಾವು ಜರ್ಮನಿಯ ಡ್ರೆಸ್ಡೆನ್‌ಗೆ ಬಂದು ಆಗ ಎರಡನೇ ಚಳಿಗಾಲ. ಮೆಟ್ಟಿಲಲ್ಲಿ ಎದುರಾದರೆ ಒಂದು ನಮಸ್ಕಾರ, ಅಷ್ಟೇ ನಮ್ಮ ಪರಿಚಯ. ಅಂಥವರು ಒಂದು ಸಂಜೆ ಬಾಗಿಲು ತಟ್ಟಿ ಕೈಗೆ ಲಕೋಟೆ ಕೊಟ್ಟರು.

"ಫೆಬ್ರವರಿ 13ರ ಕಛೇರಿ. ಮಗಳು ನನ್ನನ್ನು ಕೇಳದೆ ತಂದುಬಿಟ್ಟಿದ್ದಾಳೆ. ಮೊಜಾರ್ಟ್ ಆಗಿದ್ದರೆ ಹೋಗುತ್ತಿದ್ದೆ. ಈ ಸಲ ವೆರ್ದಿಯ ರೆಕ್ವಿಯೆಮ್. ಅದರಲ್ಲಿ ಆ ದೊಡ್ಡ ಡ್ರಮ್ ಇದೆ, ನನಗಾಗಲ್ಲ. ನೀವು ಹೋಗಿ ಬನ್ನಿ. ಕಪ್ಪು ಬಟ್ಟೆ ಹಾಕಿಕೊಳ್ಳಿ."

ಬಟ್ಟೆಯ ವಿಷಯ ಹೇಳಿದರು. ಹೇಳಲೇಬೇಕಾಗಿದ್ದ ಇನ್ನೊಂದನ್ನು ಮರೆತರು.

ರೆಕ್ವಿಯೆಮ್ ಅಂದರೆ ಸತ್ತವರಿಗಾಗಿ ಚರ್ಚಿನಲ್ಲಿ ಮಾಡುವ ಪೂಜೆಯ ಹಾಡು, ವೆರ್ದಿ ಅಂದರೆ ಇಟಲಿಯ ಒಪೆರಾ ಸಂಗೀತಗಾರ ಅನ್ನುವಷ್ಟು ಮಾತ್ರ ನನಗೆ ಗೊತ್ತಿತ್ತು. ಟ್ರಾಮಿನಲ್ಲಿ ಕೂತು ಫೋನಿನಲ್ಲಿ ಸಾಲುಗಳ ಅರ್ಥ ಓದಿಕೊಂಡೆ. 'ಇವರಿಗೆ ಎಂದೆಂದಿಗೂ ವಿಶ್ರಾಂತಿ ಕೊಡು' ಅಂತ ಶುರುವಾಗುತ್ತದೆ. ಊರ ಮಧ್ಯದಲ್ಲಿ ಟ್ರಾಮ್ ಇಳಿದಾಗ ರಸ್ತೆಯ ತುಂಬ ಜನ, ಎಷ್ಟೋ ಕೋಟುಗಳ ಮೇಲೆ ಬಿಳಿ ಗುಲಾಬಿ. 1945ರ ಈ ದಿನ ರಾತ್ರಿ ಬ್ರಿಟಿಷ್ ವಿಮಾನಗಳು, ಮಾರನೇ ದಿನ ಅಮೆರಿಕದವು ಈ ಊರನ್ನು ಸುಟ್ಟವು. ಸತ್ತವರು 25,000ದವರೆಗೆ ಅಂತ ಇತಿಹಾಸಕಾರರ ಲೆಕ್ಕ. ಆ ಸಾವನ್ನೇ ಬಂಡವಾಳ ಮಾಡಿಕೊಂಡು ಹಿಟ್ಲರ್ ಕಡೆಯ ಮನಸ್ಸಿನವರು ಮೆರವಣಿಗೆ ತೆಗೆಯುತ್ತಿದ್ದರಂತೆ. ಅದಕ್ಕೆ ಎದುರಾಗಿ 2010ರಿಂದ ಊರ ಜನ ಕೈಕೈ ಹಿಡಿದು ಹಳೇ ಪೇಟೆಯ ಸುತ್ತ ನಿಲ್ಲುತ್ತಾರೆ. ಅಳುವುದಕ್ಕೂ ಇಷ್ಟು ಎಚ್ಚರ ಬೇಕಾದ ಊರು ಇದು.

ಕಛೇರಿ ಇದ್ದದ್ದು ಜೆಂಪರ್ ಒಪೆರಾದಲ್ಲಿ, ಅಂದರೆ ಹಾಡಿನ ನಾಟಕಗಳ ಮನೆಯಲ್ಲಿ. ಅದು ಕೂಡ ಆ ರಾತ್ರಿಯೇ ಸುಟ್ಟದ್ದು. ಸರಿಯಾಗಿ 40 ವರ್ಷದ ಮೇಲೆ, 1985ರ ಫೆಬ್ರವರಿ 13ಕ್ಕೇ, ಮತ್ತೆ ಬಾಗಿಲು ತೆರೆಯಿತು. ನನ್ನ ಸೀಟು ತೀರಾ ಮೇಲಿನ ಅಂತಸ್ತಿನಲ್ಲಿ. ಎಡಕ್ಕೆ ಎಪ್ಪತ್ತರ ಹತ್ತಿರದ ಒಬ್ಬರು. ಬಲಕ್ಕೆ ಕಾಲೇಜು ಹುಡುಗಿ, ಅವಳ ತೊಡೆಯ ಮೇಲೆ ಇಡೀ ರೆಕ್ವಿಯೆಮ್‌ನ ಸ್ವರಪುಸ್ತಕ. ಬಾಗಿಲಲ್ಲಿ ಮಾರುತ್ತಿದ್ದ ಕಾರ್ಯಕ್ರಮದ ಪುಸ್ತಿಕೆಯನ್ನು ಸುಮ್ನೆ ದುಡ್ಡು ದಂಡ ಅಂತ ನಾನು ಕೊಳ್ಳಲಿಲ್ಲ. ಜಿಪುಣತನಕ್ಕೆ ಶಿಕ್ಷೆ ಆಮೇಲೆ ಆಯಿತು.

ಮೊದಲ ನಿಮಿಷ ಶುರುವಾಗಿದೆಯೋ ಇಲ್ಲವೋ ಅಂತಲೇ ತಿಳಿಯಲಿಲ್ಲ. ದೊಡ್ಡ ಪಿಟೀಲಿನಂಥ ಚೆಲ್ಲೋಗಳು ಮೆಲ್ಲಗೆ ಇಳಿದು ಬಂದವು. ಅಷ್ಟು ಜನರ ಗಾಯಕವೃಂದ ಪಿಸುಗುಟ್ಟಿತು. ನೂರಾರು ಜನ ಒಟ್ಟಿಗೆ ಉಸಿರು ಬಿಗಿಹಿಡಿದರೆ ಅದಕ್ಕೂ ಒಂದು ಸದ್ದಿರುತ್ತದೆ ಅಂತ ಅವತ್ತು ಗೊತ್ತಾಯಿತು. ಕೆಮ್ಮು ಬಂದವರು ಕರವಸ್ತ್ರ ಬಾಯಿಗೆ ಒತ್ತಿಕೊಂಡರು. ಯಾರೋ ಚಾಕಲೇಟಿನ ಕಾಗದ ಬಿಚ್ಚಲು ಹೋಗಿ, ಸದ್ದಿಗೆ ಹೆದರಿ, ಹಾಗೇ ಮುಷ್ಟಿಯಲ್ಲಿ ಹಿಡಿದು ಕೂತರು.

ಆಮೇಲೆ ಆ ಡ್ರಮ್. ತೀರ್ಪಿನ ದಿನದ ಸಿಟ್ಟನ್ನು ಹೇಳುವ ಭಾಗ ಅದು. ಇಡೀ ವಾದ್ಯವೃಂದ ಒಮ್ಮೆಗೇ ಬಡಿಯುತ್ತದೆ. ಅದು ನಿಂತ ಸಂದಿನಲ್ಲಿ ಡ್ರಮ್ ಒಂದೇ ಮತ್ತೆ ಬಡಿಯುತ್ತದೆ. ಚರ್ಮವನ್ನು ಚೆನ್ನಾಗಿ ಬಿಗಿದಿರಬೇಕು, ಏಟು ಒಣಗಿದಂತೆ, ತುಂಬಾ ಜೋರಾಗಿ ಕೇಳಬೇಕು ಅಂತ ವೆರ್ದಿ ಸ್ವತಃ ಬರೆದಿಟ್ಟಿದ್ದಾನೆ. ಮೊದಲ ಏಟಿಗೆ ನಾನು ಸೀಟಿನಲ್ಲಿ ಹಾರಿದೆ. ಎಡಗಡೆಯವರು ಅಲುಗಲಿಲ್ಲ, ಕಣ್ಣು ಮಾತ್ರ ಮುಚ್ಚಿದರು. ಕೆಳಗೆ ಇಣುಕಿದರೆ ಅಲ್ಲಲ್ಲಿ ಬಗ್ಗಿದ ಬೆಳ್ಳಗಿನ ತಲೆಗಳು. ಮುಗಿಯಿತು ಅಂದುಕೊಂಡರೆ ಆ ಡ್ರಮ್ ಮತ್ತೆ ಬರುತ್ತದೆ. ಅಜ್ಜಿ ಯಾಕೆ ಬರಲಿಲ್ಲ ಅಂತ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ನಾನು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳಲ್ಲಿ ಕಿವಿ ತೆರೆದವನು. ಅಲ್ಲಿ ಕೇಳುಗ ಅಂದರೆ ತಲೆ ಆಡಿಸಬೇಕು, ತೊಡೆ ತಟ್ಟಬೇಕು, 'ಭೇಷ್' ಅನ್ನಬೇಕು, ಮೃದಂಗದ ತನಿ ಆವರ್ತನ ಶುರುವಾದರೆ ಕಾಫಿಗೆ ಎದ್ದು ಹೋಗಬೇಕು. ಇಲ್ಲಿ ಎಲ್ಲರ ಕೈಯೂ ಮಡಿಲಲ್ಲಿ. ನಡುವೆ ಎರಡು ಗಾಯಕವೃಂದಗಳು ಜುಗಲ್‌ಬಂದಿಯಂತೆ ಓಡುವ ಒಂದು ಖುಷಿಯ ಭಾಗ ಬರುತ್ತದೆ. ನನ್ನ ಬೆರಳು ತಾನಾಗಿ ತಾಳ ಹಾಕತೊಡಗಿತು. ಹುಡುಗಿ ಸ್ವರಪುಸ್ತಕದಿಂದ ಕಣ್ಣೆತ್ತಿ ನನ್ನ ಬೆರಳನ್ನೇ ನೋಡಿದಳು. ನಿಲ್ಲಿಸಿದೆ. ಎರಡು ನಿಮಿಷ ಬಿಟ್ಟು ನೋಡಿದರೆ ಅವಳ ಬೂಟಿನ ತುದಿಯೂ ಕುಣಿಯುತ್ತಿತ್ತು, ಆದರೆ ಗುಟ್ಟಾಗಿ.

ಕೊನೆಯ ಭಾಗದಲ್ಲಿ ಸೊಪ್ರಾನೊ, ಅಂದರೆ ಎತ್ತರದ ದನಿಯ ಗಾಯಕಿ, ಒಬ್ಬಳೇ 'ನನ್ನನ್ನು ಬಿಡಿಸು' ಅಂತ ಬೇಡುತ್ತಾಳೆ. ಶುರುವಿನಲ್ಲಿ ಬೇಡಿದ್ದು ಸತ್ತವರಿಗಾಗಿ. ಇಲ್ಲಿ ಬದುಕಿರುವವಳು ತನಗಾಗಿಯೇ ಹೆದರುತ್ತಾಳೆ. ಡ್ರಮ್ ಕಡೇ ಸಲ ಬಂದು ಹೋಗುತ್ತದೆ. ಆಮೇಲೆ ಅವಳ ದನಿ ಒಂದೇ ಸ್ವರದಲ್ಲಿ ನಿಂತು, ಹಾಡು ಹೋಗಿ ಗೊಣಗಾಟವಾಗಿ, ಅಲ್ಲಿಗೇ ಮುಗಿಯುತ್ತದೆ.

ಸುಮಾರು 85 ನಿಮಿಷ ಬಿಗಿಹಿಡಿದಿದ್ದೆನಲ್ಲ, ನನ್ನ ಎರಡೂ ಕೈ ಮೇಲೆದ್ದವು. ಅಂಗೈಗಳು ಒಂದನ್ನೊಂದು ಮುಟ್ಟುವ ಮೊದಲೇ ಹುಡುಗಿ ನನ್ನ ಮಣಿಕಟ್ಟು ಹಿಡಿದಳು. ಮಾತಿಲ್ಲ, ತಲೆಯನ್ನು ಅಡ್ಡಡ್ಡ ಆಡಿಸಿದಳು, ಅಷ್ಟೇ. ಇಡೀ ಸಭೆಯಲ್ಲಿ ಒಂದು ಚಪ್ಪಾಳೆ ಇಲ್ಲ. ಸತ್ತವರ ನೆನಪಿನ ಈ ಕಛೇರಿಗೆ ಚಪ್ಪಾಳೆ ತಟ್ಟುವುದಿಲ್ಲ ಅಂತ ನಾನು ಕೊಳ್ಳದ ಪುಸ್ತಿಕೆಯಲ್ಲಿತ್ತಂತೆ. ವಾದ್ಯವೃಂದ ನಡೆಸುವ ಕಂಡಕ್ಟರ್ ಇತ್ತ ತಿರುಗಲಿಲ್ಲ. ಒಬ್ಬೊಬ್ಬರಾಗಿ ಎಲ್ಲರೂ ಎದ್ದು ನಿಂತರು. ಕೇಳುಗರು, ಹಾಡಿದವರು, ಪಿಟೀಲು ಕೆಳಗಿಟ್ಟವರು. ನಾನು ಕೈಗಳನ್ನು ಎಲ್ಲಿ ಇಡಬೇಕು ಅಂತ ತಿಳಿಯದೆ ಕೋಟಿನ ಜೇಬಿಗೆ ತುರುಕಿದೆ, ಅದೂ ತಪ್ಪೇನೋ ಅನ್ನಿಸಿ ಹೊರಗೆ ತೆಗೆದೆ. ಎಡಗಡೆಯವರ ಗಂಟಲಿನಿಂದ ಬಿಕ್ಕಳಿಕೆಯಂಥ ಒಂದು ಸದ್ದು ಬಂತು. ಯಾರೂ ಅವರತ್ತ ನೋಡಲಿಲ್ಲ. ಆ ನೋಡದಿರುವುದೇ ಅವರಿಗೆ ಕೊಟ್ಟ ಮರ್ಯಾದೆ ಅನ್ನಿಸಿತು.

ಕೋಟು ವಾಪಸ್ ಪಡೆಯುವ ಸಾಲಿನಲ್ಲೂ ಮಾತಿಲ್ಲ. ಬಿಲ್ಲೆ ಕೊಡುವುದು, ಕೋಟು ತೆಗೆದುಕೊಳ್ಳುವುದು, ತಲೆ ಬಾಗಿಸುವುದು. ನನಗೆ ಅಜ್ಜ ತೀರಿಕೊಂಡ ರಾತ್ರಿ ನೆನಪಾಯಿತು. ಊರ ಭಜನೆ ತಂಡ ಹೆಣದ ಪಕ್ಕ ಕೂತು ಬೆಳಗಿನವರೆಗೆ ಹಾಡಿತ್ತು. ಕೋಳಿ ಕೂಗುವ ಹೊತ್ತಿಗೆ ತಾಳ ಕೆಳಗಿಟ್ಟು ಟೀ ಕುಡಿದು ಎದ್ದು ಹೋದರು. ಚಪ್ಪಾಳೆ ತಟ್ಟಬೇಕು ಅಂತ ಅವತ್ತು ಯಾರಿಗೂ ಹೊಳೆಯಲೂ ಇಲ್ಲ. ಹಾಗಾದರೆ ನನಗೆ ಇದು ಗೊತ್ತಿಲ್ಲದ ರೀತಿ ಏನಲ್ಲ, ಅಲ್ವಾ? ಒಪೆರಾ ಮನೆ, ಮೆತ್ತನೆ ಸೀಟು, ಟಿಕೆಟ್ಟು ನೋಡಿ ಮರೆತಿದ್ದೆ.

ಹೊರಗೆ ಕೊರೆಯುವ ಚಳಿ. ಕುದುರೆ ಮೇಲಿನ ರಾಜನ ಪ್ರತಿಮೆಯ ಹತ್ತಿರ ಜನ ಮನೆಗೆ ಹೋಗದೆ ನಿಂತಿದ್ದರು. ಯಾಕೆ ಅಂತ ನಾನೂ ನಿಂತೆ. ರಾತ್ರಿ 9.45ಕ್ಕೆ ಊರಿನ ಚರ್ಚುಗಳ ಗಂಟೆಗಳೆಲ್ಲ ಒಟ್ಟಿಗೆ ಹೊಡೆಯತೊಡಗಿದವು. 1945ರಲ್ಲಿ ದಾಳಿಯ ಎಚ್ಚರಿಕೆಗೆ ಸೈರನ್ ಕೂಗಿದ್ದು ಸುಮಾರು ಅದೇ ಹೊತ್ತಿಗೆ. ಒಳಗಿನ ಸಂಗೀತ ಮುಗಿದಿರಲಿಲ್ಲ ಅನ್ನಿಸಿತು.

ಟ್ರಾಮ್ ನಿಲ್ದಾಣದಲ್ಲಿ ಮಾತ್ರ ಜನಕ್ಕೆ ಬಾಯಿ ಬಂತು. ಒಬ್ಬ ಗಂಡ ಹೆಂಡತಿಗೆ, "ಈ ದಿನಕ್ಕೆ ಇದು ವಿಪರೀತ ನಾಟಕ" ಅನ್ನುತ್ತಿದ್ದ. ಅವಳು ಮುಖ ತಿರುಗಿಸಿಕೊಂಡಳು. ಆಮೇಲೆ ಓದಿದಾಗ ಗೊತ್ತಾಯಿತು, ಇದು ವೆರ್ದಿಯ ಕಾಲದ್ದೇ ಜಗಳ. ಮಾನ್ಜೋನಿ ಅನ್ನುವ ಲೇಖಕನ ನೆನಪಿಗೆ ಬರೆದದ್ದು ಈ ರೆಕ್ವಿಯೆಮ್. 1874ರ ಮೇ 22ಕ್ಕೆ ಮಿಲಾನಿನ ಸಾನ್ ಮಾರ್ಕೊ ಚರ್ಚಿನಲ್ಲಿ ಮೊದಲು ಹಾಡಿದಾಗ ಚಪ್ಪಾಳೆ ಇಲ್ಲ, ಯಾಕೆಂದರೆ ಚರ್ಚು. ಮೂರೇ ದಿನಕ್ಕೆ ಲಾ ಸ್ಕಾಲಾ ಒಪೆರಾ ಮನೆಯಲ್ಲಿ ಅದೇ ಹಾಡಿಗೆ ಭರ್ಜರಿ ಚಪ್ಪಾಳೆ, ಒನ್ಸ್ ಮೋರ್! ಚರ್ಚಿನ ಬಟ್ಟೆ ತೊಟ್ಟ ಒಪೆರಾ ಅಂತ ಜರ್ಮನಿಯ ಸಂಗೀತಗಾರ ಬ್ಯೂಲೋ ಆಗಲೇ ಹಂಗಿಸಿದ್ದ. 1892ರಲ್ಲಿ ವೆರ್ದಿಗೆ ಕಾಗದ ಬರೆದು ಕ್ಷಮೆ ಕೇಳಿದ. ಡ್ರೆಸ್ಡೆನ್ ವಾದ್ಯವೃಂದ ಈ ನೆನಪಿನ ಕಛೇರಿ ಶುರು ಮಾಡಿದ್ದು 1951ರಲ್ಲಿ, ಇದೇ ವೆರ್ದಿಯಿಂದ. ನಡೆಸಿಕೊಟ್ಟವರು ರುಡಾಲ್ಫ್ ಕೆಂಪೆ. ನಮ್ಮ ಕೆಂಪೇಗೌಡರ ಕಡೆಯವರೇನೋ ಅಂತ ಒಬ್ಬನೇ ನಕ್ಕೆ.

ಮಾರನೇ ದಿನ ಅಜ್ಜಿಗೆ ಥ್ಯಾಂಕ್ಸ್ ಹೇಳಲು ಹೋದೆ. ಕಾಫಿ ಕೊಟ್ಟರು. ನನ್ನ ಎತ್ತಿದ ಕೈಗಳ ಕಥೆ ಹೇಳಿದಾಗ, "ಅಯ್ಯೋ, ಹೇಳಲು ಮರೆತೆ!" ಅಂತ ಬಾಯಿಗೆ ಕೈ ಇಟ್ಟುಕೊಂಡು ನಕ್ಕರು. ಆಮೇಲೆ ಕಪ್ಪನ್ನು ತಟ್ಟೆಯಲ್ಲಿ ಸುತ್ತ ತಿರುಗಿಸುತ್ತಾ, "ನನಗಾಗ ಆರು ವರ್ಷ. ನೆಲಮಾಳಿಗೆಯಲ್ಲಿ ಅಮ್ಮ ನನ್ನ ಎರಡೂ ಕಿವಿ ಮುಚ್ಚಿ ಹಿಡಿದಿದ್ದಳು" ಅಂದರು.

ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. "ಡ್ರಮ್ ಜೋರಾಗಿತ್ತಾ?"

"ಜೋರಾಗಿತ್ತು" ಅಂದೆ.

"ಹೂಂ" ಅಂದು ಇನ್ನೊಂದು ಕಪ್ ಬಗ್ಗಿಸಿದರು.