ಮಳೆಯ ಮರುದಿನ ಹುಲ್ಲಿನ ರನ್‌ವೇ

12 ಜುಲೈ 2025, ಶನಿವಾರ

ರಾತ್ರಿಯಿಡೀ ಸುರಿದ ಮಳೆ ಬೆಳಗಿನ ಜಾವಕ್ಕೆ ನಿಂತಿತು. ಇಂಥ ದಿನ ಮೊದಲು ಕೇಳಿಕೊಳ್ಳಬೇಕಾದ್ದು ಒಂದೇ: ಇವತ್ತು ರನ್‌ವೇ ಎಷ್ಟು ಉದ್ದ ಇದೆ? ಕಾಗದದ ಮೇಲೆ 700 ಮೀಟರ್. ಆದರೆ ಹುಲ್ಲಿನ ರನ್‌ವೇಗೆ ಕಾಗದದ ಉದ್ದ ಬೇರೆ, ಆ ದಿನದ ಉದ್ದ ಬೇರೆ.

ಅದಕ್ಕೇ ರನ್‌ವೇ ಮೇಲೆ ಕಾರು ಓಡಿಸಿ ನೋಡುವ ಮೊದಲು ನಡೆದೇ ನೋಡಬೇಕು. ಒಂದಂಚಿನಿಂದ ಇನ್ನೊಂದಂಚಿಗೆ ಅಡ್ಡಡ್ಡ ಹಾಯುತ್ತಾ ಹೋಗಿ, ಅಲ್ಲಲ್ಲಿ ಬೂಟಿನ ಹಿಮ್ಮಡಿಯನ್ನು ಒತ್ತಿ ತಿರುಗಿಸಬೇಕು. ಸುತ್ತ ನೀರು ಒಸರಿದರೆ ಮೇಲ್ಮಣ್ಣು ನೀರು ಕುಡಿದು ತುಂಬಿದೆ ಎಂದರ್ಥ. ಆಮೇಲೆ ಕಾರನ್ನು ನಿಧಾನಕ್ಕೆ ಓಡಿಸಿ, ಇಳಿದು ಚಕ್ರದ ಗುರುತಿಗೆ ಬೆರಳಿಟ್ಟು ನೋಡಬೇಕು. ಬರೀ ಹುಲ್ಲು ಮಲಗಿದ್ದರೆ ಸರಿ. ಮಣ್ಣು ಕುಸಿದು ಬೆರಳಿನ ಒಂದು ಗೆಣ್ಣು ಮುಳುಗಿದರೆ ಅಷ್ಟು ಜಾಗ ಮುಚ್ಚಲೇಬೇಕು. ಸಣ್ಣ ವಿಮಾನದ ಮೂಗಿನ ಚಕ್ರ ಕಾರಿನದ್ದಕ್ಕಿಂತ ಚಿಕ್ಕದು. ಪ್ರೊಪೆಲ್ಲರ್ ತುದಿಗೂ ನೆಲಕ್ಕೂ 2017ರವರೆಗೆ ಅಮೆರಿಕದ ನಿಯಮ ಕೇಳುತ್ತಿದ್ದ ಕನಿಷ್ಠ ಅಂತರ ಸುಮಾರು 18 ಸೆಂ.ಮೀ. ಮಾತ್ರ. ಬ್ರೇಕ್ ಹಿಡಿದಾಗ ಮೂಗು ತಗ್ಗುತ್ತದೆ. ಚಕ್ರವೂ ಹೂತರೆ ಪ್ರೊಪೆಲ್ಲರ್ ನೆಲಕ್ಕೆ ಬಡಿಯುತ್ತದೆ. ಆಮೇಲೆ ಎಂಜಿನ್ ಬಿಚ್ಚಿ ಪರೀಕ್ಷಿಸದೆ ಹಾರುವಂತಿಲ್ಲ.

ಇವತ್ತು ಪೂರ್ವದ ತುದಿಯ 90 ಮೀಟರ್ ಮೆತ್ತಗಿದೆ. ಉಳಿದದ್ದು ಒದ್ದೆ, ಆದರೆ ಗಟ್ಟಿ. ಮೆತ್ತಗಾದ ಕಡೆ ನೆಲದಡಿಯ ಬಸಿಗಾಲುವೆ ಕಟ್ಟಿಕೊಂಡಿದೆ. ಬಾಯಿಯಲ್ಲಿ ಹೂಳು, ಒಳಗೆ ಬೇರು. ಮೇಲೆ ಮಣ್ಣು ಸುರಿದರೆ ಗುಂಡಿ ಮುಚ್ಚಿದಂತೆ ಕಾಣಬಹುದು, ನೀರು ಮಾತ್ರ ಅಲ್ಲೇ ನಿಲ್ಲುತ್ತದೆ. ಕಾಲುವೆಯ ಬಾಯಿ ಬಿಡಿಸಿ, ಕೊಳವೆ ತೊಳೆದ ಮೇಲೆಯೇ ಮೇಲಿನ ಕೆಲಸ.

ಗಟ್ಟಿಯಾಗಿದ್ದರೂ ಒದ್ದೆ ಒದ್ದೆಯೇ. ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರ ಸಣ್ಣ ವಿಮಾನಗಳಿಗೆ ಕೊಟ್ಟಿರುವ ಗುಣಕಗಳು ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತವೆ. ಇಳಿಯುವಾಗ ಒಣ ಹುಲ್ಲಿಗೆ 1.15, ಒದ್ದೆ ಹುಲ್ಲಿಗೆ 1.35, ಅದರ ಮೇಲೆ ಸುರಕ್ಷತೆಗೆಂದು 1.43. ನೆಲದ ಗುಣಕವನ್ನೂ ಸುರಕ್ಷತೆಯದನ್ನೂ ಕೂಡಿಸುವಂತಿಲ್ಲ, ಕೈಪಿಡಿಯ ಉದ್ದವನ್ನು ಒಂದಾದ ಮೇಲೊಂದರಿಂದ ಗುಣಿಸಬೇಕು. ವಿಮಾನದ ಕೈಪಿಡಿಯಲ್ಲಿ ಇಳಿಯಲು 400 ಮೀಟರ್ ಎಂದಿದ್ದರೆ ಒಣ ಹುಲ್ಲಿನಲ್ಲಿ 658 ಮೀಟರ್ ಬೇಕು, 700ರಲ್ಲಿ ಹಿಡಿಯುತ್ತದೆ. ಒದ್ದೆಯಲ್ಲಿ 772 ಬೇಕು, ಹಿಡಿಯುವುದಿಲ್ಲ. ಅದೇ ವಿಮಾನ, ಅದೇ ಪೈಲಟ್, ನಡುವೆ ಒಂದು ರಾತ್ರಿಯ ಮಳೆ. ಹುಲ್ಲನ್ನು ಬೋಳಾಗಿ ಕತ್ತರಿಸಿದರೆ ಅನುಕೂಲ ಎನ್ನುವವರಿದ್ದಾರೆ. ತೀರಾ ಗಿಡ್ಡ ಹುಲ್ಲು, ಕೆಳಗೆ ಗಟ್ಟಿ ನೆಲ, ಮೇಲೆ ನೀರು ಸೇರಿದರೆ ಚಕ್ರ ಹಿಡಿತ ತಪ್ಪಿ ಜಾರುತ್ತದೆ, ಗುಣಕ 1.6ರವರೆಗೂ ಏರುತ್ತದೆ. ಒದ್ದೆಯಲ್ಲಿ ಕತ್ತರಿಸುವುದಂತೂ ಬೇಡ. ಹುಲ್ಲು ಮುದ್ದೆಗಟ್ಟುತ್ತದೆ, ಟ್ರ್ಯಾಕ್ಟರ್ ಚಕ್ರವೇ ಗಾಡಿಜಾಡು ಮಾಡಿಡುತ್ತದೆ.

ಗಾಳಿಯ ದಿಕ್ಕು, ವೇಗ ತೋರಿಸುವ ಬಟ್ಟೆಯ ಗಾಳಿಚೀಲ ನೋಡಬೇಕು. ಅಂತರರಾಷ್ಟ್ರೀಯ ಅಳತೆಯಲ್ಲಿ ಅದರ ಉದ್ದ ಕನಿಷ್ಠ 3.6 ಮೀಟರ್, ಬಾಯಿ 0.9 ಮೀಟರ್. ಸಾಮಾನ್ಯವಾಗಿ 15 ನಾಟ್ (ಗಂಟೆಗೆ ಸುಮಾರು 28 ಕಿ.ಮೀ.) ಗಾಳಿಗೆ ನೆಟ್ಟಗೆ ನಿಲ್ಲುತ್ತದೆ. ಆದರೆ ನೆಂದ ಬಟ್ಟೆ ಭಾರ. ಇರುವುದಕ್ಕಿಂತ ಕಡಿಮೆ ಗಾಳಿ ತೋರಿಸುತ್ತದೆ. ಒಣಗುವ ತನಕ ಅದು ತೋರಿಸುವ ದಿಕ್ಕನ್ನು ನಂಬಬಹುದು, ವೇಗವನ್ನಲ್ಲ. ದಿಕ್ಕನ್ನು ನಂಬುವುದಕ್ಕೂ ಚೀಲವನ್ನು ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ, ಬೇರಿಂಗ್ ಎಲ್ಲೂ ಹಿಡಿಯುತ್ತಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು.

ವಿಮಾನಗಳ ಆರಂಭದ ಕಾಲದಲ್ಲಿ ಪಕ್ಕದಿಂದ ಬೀಸುವ ಅಡ್ಡಗಾಳಿಯ ಕಾಟ ಇಷ್ಟಿರಲಿಲ್ಲ. ರೈಟ್ ಸಹೋದರರು 1904ರಲ್ಲಿ ಅಮೆರಿಕದ ಡೇಟನ್ ಬಳಿಯ ಹಫ್ಮನ್ ಪ್ರೇರಿಯಲ್ಲಿ ಹಾರಲು ಹೊರಟಾಗ ಅದು ದನ, ಕುದುರೆ ಮೇಯುವ ಹುಲ್ಲುಗಾವಲು. ಅವನ್ನು ಓಡಿಸಿಯೇ ಹಾರಾಟ. ಎದುರುಗಾಳಿ ಸಾಲದೆಂದು ಆ ಸೆಪ್ಟೆಂಬರ್‌ನಿಂದ ಗೋಪುರದ ಮೇಲಿನಿಂದ ಭಾರ ಬೀಳಿಸಿ, ಅದರ ಎಳೆತದಿಂದ ವಿಮಾನವನ್ನು ಮುಂದಕ್ಕೆ ಚಿಮ್ಮಿಸಿದರು. ಮುಂದೆ ಬಂದ ಎಷ್ಟೋ ಮೈದಾನಗಳೂ ನಾಲ್ಕೂ ಕಡೆ ಬಯಲೇ. ಗಾಳಿ ಎತ್ತ ಬೀಸಿದರೂ ಅದಕ್ಕೆ ಮುಖಮಾಡಿ ಏರಬಹುದಿತ್ತು. ವಿಮಾನ ಭಾರವಾದಂತೆ ಗಟ್ಟಿ ನೆಲ ಬೇಕಾಯಿತು, ಬಯಲಿಡೀ ಕಾಂಕ್ರೀಟ್ ಹಾಕುವುದು ಆಗದ ಮಾತು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಬಾಂಬರ್ ನೆಲೆಗಳು ಒಂದನ್ನೊಂದು ದಾಟುವ ಮೂರು ರನ್‌ವೇಗಳ ವಿನ್ಯಾಸ ಹಿಡಿದವು: ದೊಡ್ಡದು 2,000 ಗಜ, ಉಳಿದೆರಡು 1,400 ಗಜ. ಯುದ್ಧ ಮುಗಿದ ಮೇಲೆ ಎಷ್ಟೋ ನೆಲೆಗಳು ಮತ್ತೆ ಹೊಲವಾದವು. ಸಣ್ಣ ಏರ್‌ಸ್ಟ್ರಿಪ್‌ಗೆ ಸಾಮಾನ್ಯವಾಗಿ ಇರುವುದು ಒಂದೇ ಪಟ್ಟಿ. ಹಾಗಾಗಿ ಅಡ್ಡಗಾಳಿಯನ್ನು ಪೈಲಟ್ಟೇ ನಿಭಾಯಿಸಬೇಕು, ಅದನ್ನು ಮುಂಚೆಯೇ ತಿಳಿಸುವ ಕೆಲಸ ನೆಲದವರದ್ದು.

ಸುಣ್ಣದ ಗುರುತುಗಳು ಮಳೆಗೆ ಮಾಸಿವೆ, ಅಂಕಿಗಳನ್ನು ಮತ್ತೆ ಬಳಿಯಬೇಕು. ದಿಕ್ಸೂಚಿಯ ಡಿಗ್ರಿಯನ್ನು ಹತ್ತರಿಂದ ಭಾಗಿಸಿ ಹತ್ತಿರದ ಪೂರ್ಣಾಂಕಕ್ಕೆ ತಂದರೆ ರನ್‌ವೇಯ ಸಂಖ್ಯೆ, ಒಂದೊಂದು ತುದಿಗೆ ಒಂದೊಂದು. ಭೂಮಿಯ ಕಾಂತೀಯ ಉತ್ತರ ಸರಿಯುತ್ತಲೇ ಇರುವುದರಿಂದ ಈ ಅಂಕಿಯೂ ಶಾಶ್ವತವಲ್ಲ. ಲಂಡನ್ ಬಳಿಯ ಸ್ಟಾನ್‌ಸ್ಟೆಡ್ ವಿಮಾನ ನಿಲ್ದಾಣದಲ್ಲಿ 2009ರಲ್ಲಿ 05/23 ಇದ್ದದ್ದು 04/22 ಆಯಿತು.

ರಾತ್ರಿ ಹೊರಗೆ ನಿಂತ ವಿಮಾನಗಳ ಟ್ಯಾಂಕಿನ ತಳದಿಂದ ಇಂಧನ ಬಸಿದು ನೋಡದೆ ಬಿಡಬಾರದು. ಮುಚ್ಚಳದ ರಬ್ಬರ್ ಸವೆದಿದ್ದರೆ ಮಳೆನೀರು ಒಳಗಿಳಿಯುತ್ತದೆ. ಸಣ್ಣ ವಿಮಾನಗಳ 100ಎಲ್‌ಎಲ್ ಪೆಟ್ರೋಲ್ ತಿಳಿನೀಲಿ, ಲೀಟರಿಗೆ ಸುಮಾರು 0.72 ಕಿಲೋ. ನೀರು ಅದಕ್ಕಿಂತ ಭಾರವಾದ್ದರಿಂದ ಗಾಜಿನ ತಳದಲ್ಲಿ ಬಣ್ಣವಿಲ್ಲದ ಮಣಿಯಂತೆ ಹೊರಳಾಡುತ್ತದೆ. ಮೋಸ ಹೋಗುವುದು ಗಾಜಿನಲ್ಲಿ ಬಂದದ್ದೆಲ್ಲ ನೀರೇ ಆಗಿದ್ದಾಗ. ಎರಡರ ನಡುವಿನ ಗೆರೆಯೇ ಕಾಣದೆ ಎಲ್ಲವೂ ಶುದ್ಧವಾಗಿ ತೋರುತ್ತದೆ. ಬಿಳಿ ಹಾಳೆ ಹಿಂದಿಟ್ಟು ನೀಲಿ ಇದೆಯೇ ನೋಡಿ, ಮೂಸಿಯೂ ನೋಡಬೇಕು. ನೀರು ಸಿಕ್ಕರೆ ರೆಕ್ಕೆ ಅಲುಗಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಸಿಯಬೇಕು, ಒಂದು ಹನಿಯೂ ಬಾರದ ತನಕ.

ಪೂರ್ವದ 90 ಮೀಟರನ್ನು ಬಿಳಿ ಅಡ್ಡಗುರುತು ಹಾಕಿ ಮುಚ್ಚಿದ್ದಾಯಿತು. ಒಂದು ಲಾಭವೂ ಇದೆ: 800 ಮೀಟರಿಗಿಂತ ಚಿಕ್ಕ ರನ್‌ವೇಗೆ ಇಳಿದಾರಿಯ ಲೆಕ್ಕ 20ಕ್ಕೆ 1, ಅಂದರೆ 20 ಮೀಟರ್ ದೂರಕ್ಕೆ 1 ಮೀಟರ್ ಎತ್ತರ. ಇಳಿಯುವ ಜಾಗ 90 ಮೀಟರ್ ಒಳಗೆ ಸರಿದರೆ ಆ ಕಡೆಯ ಮರಗಳ ಮೇಲೆ 4.5 ಮೀಟರ್ ಹೆಚ್ಚು ಅಂತರ ಸಿಗುತ್ತದೆ. ಮರಗಳ ತುದಿ ಸವರುವುದನ್ನು ಅದಕ್ಕಾಗಿ ಮುಂದೂಡುವಂತಿಲ್ಲ, 700 ಮೀಟರ್ ಮತ್ತೆ ತೆರೆದ ದಿನ ಅವು ಅಡ್ಡ ಬಂದೇ ಬರುತ್ತವೆ.

ಇವತ್ತಿನ ಘೋಷಿತ ಉದ್ದ 610 ಮೀಟರ್, ಒದ್ದೆ ಹುಲ್ಲು. ಕೈಪಿಡಿಯಲ್ಲಿ 300 ಮೀಟರ್ ಕೇಳುವ ವಿಮಾನಕ್ಕೆ 579 ಸಾಕು, ಬರಬಹುದು. 400 ಕೇಳುವವರಿಗೆ ಫೋನಿನಲ್ಲೇ ಬೇಡ ಎನ್ನಬೇಕು. ಬಿಸಿಲು ಬಂದಿದೆ, ಸಂಜೆ ನಾಲ್ಕಕ್ಕೆ ಕಾರನ್ನು ಮತ್ತೊಮ್ಮೆ ಪೂರ್ವದ ತುದಿಗೆ ಓಡಿಸಿ ನೋಡುವುದಿದೆ.