ಮಾಸ್ತರು ಹೇಳಿದ ಗ್ರೀನ್ ಪಾಠ

ಗಣಿತ ವಿಭಾಗದ ನಮ್ಮ ಮಾಸ್ತರು ಈ ವರ್ಷ ತೀರಿಕೊಂಡರು. ಸಂಚಿಕೆಗೆ ಅವರ ನೆನಪು ಬರೆದುಕೊಡಿ ಎಂದು ಕಾಲೇಜಿನವರು ಕೇಳಿದ್ದಾರೆ ಅಂದಾಗ ಹಳೆಯ ಗೆಳೆಯರೆಲ್ಲ ಹೇಳಿದ್ದು ಒಂದೇ ಮಾತು: ಗ್ರೀನ್ ಪಾಠ ಬರಿ. ಬಿ.ಎಸ್ಸಿ.ಯ ಉಳಿದ ಪಾಠಗಳು ಯಾವುವು, ಯಾವ ಕ್ರಮದಲ್ಲಿ ಬಂದವು, ಯಾರಿಗೂ ನೆನಪಿಲ್ಲ. ಇಂಗ್ಲೆಂಡಿನ ಗಣಿತಜ್ಞ ಜಾರ್ಜ್ ಗ್ರೀನ್ ಮಾತ್ರ ಇಡೀ ತಂಡದ ತಲೆಯಲ್ಲಿ ಗಟ್ಟಿಯಾಗಿ ಕೂತಿದ್ದಾನೆ.

ಮಾಸ್ತರು ಪ್ರಮೇಯದ ಹೇಳಿಕೆಯಿಂದ ಪಾಠ ಶುರು ಮಾಡುತ್ತಿರಲಿಲ್ಲ. ಬೋರ್ಡಿನ ಮೂಲೆಯಲ್ಲಿ ‘ನಾಟಿಂಗ್‌ಹ್ಯಾಮ್, 1793’ ಎಂದು ಬರೆದು ಮನುಷ್ಯನ ಪರಿಚಯ ಮಾಡಿಸುತ್ತಿದ್ದರು. ಅಪ್ಪ ಬೇಕರಿಯವನು. ಹುಡುಗ ಎಂಟನೇ ವಯಸ್ಸಿಗೆ ಶಾಲೆಗೆ ಹೋದ, ನಾಲ್ಕು ಟರ್ಮ್ ಓದಿದ, ಒಂಬತ್ತಕ್ಕೆ ಶಾಲೆ ಬಿಟ್ಟು ಅಪ್ಪನ ಬೇಕರಿ ಸೇರಿದ. 1807ರಲ್ಲಿ ಅಪ್ಪ ಊರಾಚೆಯ ಸ್ನೆಂಟನ್ ಗುಡ್ಡದ ಮೇಲೆ ಇಟ್ಟಿಗೆಯ ಗಾಳಿಗಿರಣಿ ಕಟ್ಟಿಸಿದ. ಮಗನ ಹೆಗಲಿಗೆ ಆ ಕೆಲಸವೂ ಬಿತ್ತು. ಗಿರಣಿಯಲ್ಲಿ ಗಾಳಿ ಬಂದಾಗ ಕೆಲಸ, ಗಾಳಿ ನಿಂತಾಗ ಬಿಡುವು. ಕಾಳಿನ ಚೀಲವನ್ನು ಮೇಲಂತಸ್ತಿಗೆ ಏರಿಸಬೇಕು, ಅಲ್ಲಿಂದ ಕಾಳು ಬೀಸುವ ಕಲ್ಲಿಗೆ ಇಳಿಯಬೇಕು, ಹಿಟ್ಟು ಕೆಳಗೆ ಬೀಳಬೇಕು. ಕಲ್ಲುಗಳ ನಡುವೆ ಕಾಳು ಖಾಲಿಯಾದರೆ ಕಲ್ಲಿಗೆ ಕಲ್ಲು ತಿಕ್ಕಿ ಕಿಡಿ ಏಳುತ್ತದೆ, ಹಿಟ್ಟಿನ ಧೂಳು ತುಂಬಿದ ಜಾಗದಲ್ಲಿ ಅದು ದೊಡ್ಡ ಅಪಾಯ. ಹಾಗಾಗಿ ಗಿರಣಿ ತಿರುಗುವಷ್ಟು ಹೊತ್ತು ಕಣ್ಣು ಆಚೀಚೆ ಹೋಗುವಂತಿಲ್ಲ. ಇಂಥ ಬದುಕಿನ ನಡುವೆ 1823ರಲ್ಲಿ ಗ್ರೀನ್ ಊರಿನ ಚಂದಾ ಲೈಬ್ರರಿಯ ಸದಸ್ಯನಾದ. ಐದು ವರ್ಷಕ್ಕೆ, 1828ರಲ್ಲಿ, ವಿದ್ಯುತ್ತು ಮತ್ತು ಕಾಂತತ್ವದ ಸಿದ್ಧಾಂತಗಳಿಗೆ ಗಣಿತವನ್ನು ಅನ್ವಯಿಸುವ ತನ್ನ ಪ್ರಬಂಧವನ್ನು ಅಚ್ಚು ಹಾಕಿಸಿದ.

ಇಷ್ಟು ಹೇಳಿದ ಮೇಲೆ ಪ್ರಮೇಯ. ಪಿ, ಕ್ಯೂ ಎಂಬ ಎರಡು ಫಂಕ್ಷನ್ ಇವೆ ಅನ್ನಿ. ಒಂದು ಪ್ರದೇಶದ ಅಂಚಿನ ಸುತ್ತ ಪಿ ಡಿಎಕ್ಸ್ ಪ್ಲಸ್ ಕ್ಯೂ ಡಿವೈ ಕೂಡುತ್ತ ಬಂದದ್ದೂ, ಕ್ಯೂವನ್ನು ಎಕ್ಸ್‌ನಿಂದ ಡಿಫರೆನ್ಶಿಯೇಟ್ ಮಾಡಿದ್ದರಿಂದ ಪಿಯನ್ನು ವೈಯಿಂದ ಮಾಡಿದ್ದನ್ನು ಕಳೆದು ಆ ಪ್ರದೇಶದ ಒಳಗೆಲ್ಲ ಕೂಡಿದ್ದೂ ಸಮ. ಪ್ರದೇಶ ಎಡಗೈ ಬದಿಗೆ ಉಳಿಯುವಂತೆ ಅಂಚಿನ ಮೇಲೆ ನಡೆಯಬೇಕು. ಬಲಕ್ಕೆ ಉಳಿದರೆ ಚಿಹ್ನೆ ತಿರುಗುತ್ತದೆ.

ಹಿಂದಿನ ಬೆಂಚಿನ ತಂಡ ಕಿತಾಪತಿ ಮಾಡಿದ್ದು ಈ ಪಾಠದಲ್ಲೇ. ಲೈಬ್ರರಿಯ ಯಾವುದೋ ಹಳೆಯ ಪುಸ್ತಕದಿಂದ ಒಂದು ಲೆಕ್ಕ ಹುಡುಕಿ ತಂದು, ಮಾಸ್ತರನ್ನು ಬೋರ್ಡಿನ ಮುಂದೆ ಸಿಕ್ಕಿಸಬೇಕೆಂದು ಹೊಂಚು ಹಾಕಿದ್ದರು. ಪಿ ಅಂದರೆ ಮೈನಸ್ ವೈ, ಕ್ಯೂ ಅಂದರೆ ಎಕ್ಸ್, ಎರಡನ್ನೂ ಎಕ್ಸ್ ವರ್ಗ ಪ್ಲಸ್ ವೈ ವರ್ಗದಿಂದ ಭಾಗಿಸಬೇಕು. ಅಂಚು, ಮೂಲಬಿಂದುವಿನ ಸುತ್ತ ತ್ರಿಜ್ಯ 1ರ ವೃತ್ತ. “ಸರ, ಇದು ಬಗೆಹರಿವಲ್ದು ನೋಡ್ರಿ” ಎಂದು ಅಮಾಯಕರಂತೆ ಚೀಟಿ ಮುಂದಿಟ್ಟರು. ಮಾಸ್ತರು ಮಾಡಿ ತೋರಿಸಿದರು. ಕ್ಯೂವನ್ನು ಎಕ್ಸ್‌ನಿಂದ, ಪಿಯನ್ನು ವೈಯಿಂದ ಡಿಫರೆನ್ಶಿಯೇಟ್ ಮಾಡಿದರೆ ಎರಡೂ ಒಂದೇ, ಕಳೆದರೆ ಸೊನ್ನೆ. ಒಳಗಿನ ಮೊತ್ತ ಸೊನ್ನೆ. ಅಂಚಿನ ಸುತ್ತ ಕೂಡಿದರೆ ಎರಡು ಪೈ. ಸೊನ್ನೆ ಎಲ್ಲಿ, ಎರಡು ಪೈ ಎಲ್ಲಿ! ಹಿಂದಿನ ಬೆಂಚಿನಲ್ಲಿ ನಗು ತಡೆಯಲಾಗಲಿಲ್ಲ.

ಮಾಸ್ತರ ಮುಖ ಅರಳಿತು. “ಎರಡೂ ಲೆಕ್ಕ ಬರೋಬ್ಬರಿ ಅದಾವ. ಪ್ರಮೇಯವನ್ನ ನೀವು ಕರೆದ ಜಾಗಾ ತಪ್ಪು” ಅಂದರು. ಮೂಲಬಿಂದುವಿನಲ್ಲಿ ಭಾಜಕ ಸೊನ್ನೆ. ಪಿ, ಕ್ಯೂ ಎರಡಕ್ಕೂ ಅಲ್ಲಿ ಬೆಲೆಯೇ ಇಲ್ಲ. ಪ್ರದೇಶದ ಒಳಗೆ ಒಂದು ಕೆಟ್ಟ ಬಿಂದು ಇದ್ದರೂ ಪ್ರಮೇಯ ನಡೆಯುವುದಿಲ್ಲ. ಅದಕ್ಕೇನು ಮಾಡಬೇಕು? ಆ ಬಿಂದುವಿನ ಸುತ್ತ ಪುಟ್ಟ ವೃತ್ತ ಬರೆದು ಅದನ್ನು ಕತ್ತರಿಸಿ ತೆಗೆಯಬೇಕು. ಉಳಿದ ಉಂಗುರದಲ್ಲಿ ಕೆಟ್ಟದ್ದೇನಿಲ್ಲ, ಅಲ್ಲಿ ಪ್ರಮೇಯ ಸಲೀಸಾಗಿ ನಡೆಯುತ್ತದೆ, ಎರಡು ಅಂಚುಗಳ ಮೊತ್ತ ಸೊನ್ನೆ. ಆದರೆ ಉಂಗುರ ಎಡಕ್ಕೇ ಉಳಿಯಬೇಕಾದರೆ ಹೊರಗಿನ ವೃತ್ತವನ್ನು ಅಪ್ರದಕ್ಷಿಣವಾಗಿ, ಒಳಗಿನದನ್ನು ಪ್ರದಕ್ಷಿಣವಾಗಿ ಸುತ್ತಬೇಕು. ಅಂದರೆ ಒಂದೇ ದಿಕ್ಕಿನಲ್ಲಿ ಸುತ್ತಿದರೆ ಎರಡೂ ಸಮ. ಪುಟ್ಟ ವೃತ್ತದ ತ್ರಿಜ್ಯ ‘ಎ’ ಆದರೆ ಸುತ್ತಳತೆ ಎರಡು ಪೈ ಎ; ಅಲ್ಲಿ ಫಂಕ್ಷನ್ನಿನ ಬಲ ‘ಎ’ಯಲ್ಲಿ ಒಂದು ಭಾಗ. ಗುಣಿಸಿದರೆ ‘ಎ’ ಹೊಡೆದುಹೋಗಿ ಎರಡು ಪೈ ಉಳಿಯುತ್ತದೆ. ವೃತ್ತವನ್ನು ಎಷ್ಟೇ ಕುಗ್ಗಿಸಿ, ಉತ್ತರ ಕುಗ್ಗುವುದಿಲ್ಲ. ಅದೇ ತ್ರಿಜ್ಯದ ವೃತ್ತವನ್ನು ಎಕ್ಸ್ ಅಕ್ಷದ ಮೇಲೆ ಮೂರು ಅಳತೆ ಆಚೆಗೆ ಸರಿಸಿದರೆ ಕೆಟ್ಟ ಬಿಂದು ಹೊರಗುಳಿದು ಎರಡೂ ಕಡೆ ಸೊನ್ನೆ ಬರುತ್ತದೆ. ಅದನ್ನೂ ಮಾಡಿ ತೋರಿಸಿದರು.

ಆಮೇಲೆ ಬಂದದ್ದೇ ಪಾಠದ ತಿರುಳು. ಗ್ರೀನ್ ತನ್ನ ಪ್ರಬಂಧದಲ್ಲಿ ಮಾಡಿದ್ದೂ ಇದೇ, ಮೂರು ಆಯಾಮದಲ್ಲಿ. ಚಾರ್ಜ್ ಇರುವ ಬಿಂದುವಿನಲ್ಲಿ ಪೊಟೆನ್ಶಿಯಲ್, ಅಂದರೆ ಒಂದು ಅಳತೆಯ ಚಾರ್ಜನ್ನು ದೂರದಿಂದ ಅಲ್ಲಿಗೆ ತರಲು ಬೇಕಾದ ಕೆಲಸ, ಅನಂತಕ್ಕೆ ಏರುತ್ತದೆ. (ಪೊಟೆನ್ಶಿಯಲ್ ಫಂಕ್ಷನ್ ಎಂಬ ಹೆಸರು ಕೊಟ್ಟವನೂ ಗ್ರೀನ್.) ಆ ಬಿಂದುವಿನ ಸುತ್ತ ಅವನು ಪುಟ್ಟ ಗೋಳ ಕತ್ತರಿಸಿದ. ಗೋಳದ ಮೇಲ್ಮೈ ನಾಲ್ಕು ಪೈ ಎ ವರ್ಗ, ಪೊಟೆನ್ಶಿಯಲ್ಲಿನ ಇಳಿಜಾರು ಎ ವರ್ಗದಲ್ಲಿ ಒಂದು ಭಾಗ. ಗುಣಿಸಿದರೆ ನಾಲ್ಕು ಪೈ. ಪೊಟೆನ್ಶಿಯಲ್ ಮಾತ್ರ ಎ-ಯಲ್ಲಿ ಒಂದು ಭಾಗವಾದ್ದರಿಂದ ಅದರ ಪಾಲು ಗೋಳದ ಜೊತೆಗೇ ಕುಗ್ಗಿ ಸೊನ್ನೆಯಾಗುತ್ತದೆ. ಹೀಗೆ ಒಂದು ಬಿಂದುವಿನಲ್ಲಿನ ಬೆಲೆ ಇಡೀ ಲೆಕ್ಕದಿಂದ ಬೇರೆಯಾಗಿ ಕೈಗೆ ಸಿಗುತ್ತದೆ. ಅರ್ಥಿಂಗ್ ಮಾಡಿದ ಲೋಹದ ಚಿಪ್ಪಿನೊಳಗೆ ಒಂದು ಅಳತೆಯ ಚಾರ್ಜ್ ಇಟ್ಟಾಗ ಏನಾಗುತ್ತದೆಂದು ಗೊತ್ತಾದರೆ, ಅಂಚಿನ ಮೇಲೆ ಪೊಟೆನ್ಶಿಯಲ್ ಹೇಗೇ ಇರಲಿ, ಒಳಗಿನದನ್ನೆಲ್ಲ ಕೂಡುತ್ತ ಕಟ್ಟಬಹುದು. ಇಂದು ಭೌತವಿಜ್ಞಾನದ ಯಾವ ಶಾಖೆಗೆ ಹೋದರೂ ಎದುರಾಗುವ ಗ್ರೀನ್ ಫಂಕ್ಷನ್ ಇದೇ.

ನಾವು ಓದುವ ಸಮತಲದ ಗ್ರೀನ್ ಪ್ರಮೇಯ ಆ ರೂಪದಲ್ಲಿ ಗ್ರೀನ್ ಪ್ರಬಂಧದಲ್ಲಿ ಇಲ್ಲ ಎಂಬುದನ್ನೂ ಮಾಸ್ತರು ಮುಚ್ಚಿಡಲಿಲ್ಲ. ಅದನ್ನು 1846ರಲ್ಲಿ ಅಚ್ಚಿಗೆ ಕೊಟ್ಟವನು ಕೋಶಿ; 1851ರಲ್ಲಿ ಸಾಧಿಸಿದವನು ರೀಮಾನ್.

ಪ್ರಬಂಧ ಕೊಂಡವರು 51 ಚಂದಾದಾರರು, ಬೆಲೆ ಏಳು ಶಿಲಿಂಗ್ ಆರು ಪೆನ್ಸ್. ಹೆಚ್ಚಿನವರಿಗೆ ಒಂದು ಪುಟವೂ ಅರ್ಥವಾಗಿರಲಾರದು. ಒಬ್ಬನಿಗೆ ಅರ್ಥವಾಯಿತು: ಸರ್ ಎಡ್ವರ್ಡ್ ಬ್ರಾಮ್‌ಹೆಡ್, ಕೇಂಬ್ರಿಜ್‌ನಲ್ಲಿ ಬ್ಯಾಬೇಜ್, ಹರ್ಷೆಲ್ ಜೊತೆ ಹೊಸ ಗಣಿತಕ್ಕಾಗಿ ಸಂಘ ಕಟ್ಟಿದವನು. ಮುಂದಿನ ಲೇಖನಗಳನ್ನು ದೊಡ್ಡ ಸಂಸ್ಥೆಗಳಿಗೆ ನಾನು ಕಳಿಸುತ್ತೇನೆ ಎಂದು ಆತ ಬರೆದ. ಅದು ಬರೀ ಉಪಚಾರದ ಮಾತು ಎಂದು ಯಾರೋ ಹೇಳಿದ್ದನ್ನು ನಂಬಿ ಗ್ರೀನ್ ಹತ್ತಿರ ಹತ್ತಿರ ಎರಡು ವರ್ಷ ಉತ್ತರವನ್ನೇ ಬರೆಯಲಿಲ್ಲ. ಇದನ್ನು ಹೇಳುವಾಗ ಮಾಸ್ತರಿಗೆ ಪ್ರತಿ ಸಲವೂ ಸಂಕಟ.

ಕಡೆಗೆ ಬ್ರಾಮ್‌ಹೆಡ್ಡನ ಒತ್ತಾಸೆಯಿಂದ 1833ರಲ್ಲಿ, ನಲವತ್ತನೇ ವಯಸ್ಸಿಗೆ, ಗ್ರೀನ್ ಕೇಂಬ್ರಿಜ್‌ನ ಕೀಸ್ ಕಾಲೇಜು ಸೇರಿ 1837ರಲ್ಲಿ, ಅಲ್ಲಿನ ಗಣಿತ ಪರೀಕ್ಷೆಯ ಮೊದಲ ದರ್ಜೆಯಲ್ಲಿ ನಾಲ್ಕನೆಯವನಾಗಿ, ನಾಲ್ಕನೇ ರ‍್ಯಾಂಗ್ಲರ್ ಆದ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಿ.ಸಿ. ಪಾವಟೆಯವರನ್ನು ಜನ ರ‍್ಯಾಂಗ್ಲರ್ ಪಾವಟೆ ಅನ್ನುತ್ತಿದ್ದುದು ಇದೇ ಪರೀಕ್ಷೆಯಿಂದ. 1839ರಲ್ಲಿ ಫೆಲೋಶಿಪ್ ಸಿಕ್ಕಿತು. ಮರುವರ್ಷವೇ ಆರೋಗ್ಯ ಕೆಟ್ಟು ಊರಿಗೆ ಮರಳಿದ. 1841ರ ಮೇ 31ರಂದು ತೀರಿಕೊಂಡ. ಪ್ರಬಂಧ ಮೂಲೆ ಸೇರಿತ್ತು. 1845ರಲ್ಲಿ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವನು, ತನ್ನ ಟ್ಯೂಟರ್ ಹಾಪ್ಕಿನ್ಸ್ ಬಳಿ ಅದರ ಪ್ರತಿ ಪಡೆದು ಪ್ಯಾರಿಸ್ಸಿಗೆ ಒಯ್ದು ಲ್ಯೂವಿಲ್, ಸ್ಟರ್ಮ್ ಮುಂತಾದ ಗಣಿತಜ್ಞರಿಗೆ ತೋರಿಸಿದ; ಬರ್ಲಿನ್ನಿನ ಕ್ರೆಲ್ಲೆ ಗಣಿತ ಪತ್ರಿಕೆಯಲ್ಲಿ 1850ರಿಂದ 1854ರೊಳಗೆ ಮೂರು ಕಂತಿನಲ್ಲಿ ಮರುಮುದ್ರಣವಾಯಿತು.

ಸಿಲೆಬಸ್ಸಿನಲ್ಲಿ ಇಲ್ಲದ ಕಾಲುವೆ ಅಲೆಯ ಲೆಕ್ಕವನ್ನೂ ಮಾಸ್ತರು ಬಿಡುತ್ತಿರಲಿಲ್ಲ. 1837ರ ಲೇಖನದಲ್ಲಿ ಗ್ರೀನ್ ಕಂಡುಕೊಂಡದ್ದು: ಅಲೆಯ ಎತ್ತರ ಕಾಲುವೆಯ ಅಗಲದ ವರ್ಗಮೂಲಕ್ಕೆ ಮತ್ತು ಆಳದ ನಾಲ್ಕನೇ ಮೂಲಕ್ಕೆ ವಿಲೋಮ. ಅಗಲ ಕಾಲುಭಾಗಕ್ಕಿಳಿದರೆ ಅಲೆ ಎರಡರಷ್ಟು. ಆಳ 4000 ಮೀಟರಿನಿಂದ 10 ಮೀಟರಿಗೆ ಇಳಿದರೆ 400ರ ನಾಲ್ಕನೇ ಮೂಲ, ಸುಮಾರು ನಾಲ್ಕೂವರೆ ಪಟ್ಟು. ಸಮುದ್ರದ ನಡುವೆ ಅರ್ಧ ಮೀಟರ್ ಇದ್ದ ಸುನಾಮಿ ಅಲೆ ದಡದ ಹತ್ತಿರ ಎರಡೂಕಾಲು ಮೀಟರ್. ತಳ ನಿಧಾನವಾಗಿ ಏರಬೇಕು, ಅಲೆ ಒಡೆದಿರಬಾರದು. ತಳ ದಿಢೀರನೆ ಎದ್ದರೆ ಅಲೆಯ ಒಂದು ಪಾಲು ಹಿಂದಕ್ಕೆ ಮರಳಿ ಈ ಲೆಕ್ಕ ಕೆಡುತ್ತದೆ. ಸೂತ್ರದ ಜೊತೆಗೆ ಅದು ಎಲ್ಲಿ ಕೆಡುತ್ತದೆ ಎಂಬುದನ್ನೂ ಬರೆಸುವುದು ಅವರ ಪದ್ಧತಿ. ಅಂಥವರ ಕೈಕೆಳಗೆ ಓದಿದೆವು ಎಂದು ನಮ್ಮ ತಂಡ ಇಂದಿಗೂ ಎದೆಯುಬ್ಬಿಸಿ ಹೇಳುತ್ತದೆ.

ಈಗಿನ ನೋಟ್ಸುಗಳಲ್ಲಿ ಗ್ರೀನ್ ಅಂದರೆ ಒಂದೇ ಲೆಕ್ಕ: ಸರಳರೇಖೆಗೂ ಪ್ಯಾರಾಬೋಲಕ್ಕೂ ನಡುವಿನ ಪ್ರದೇಶದಲ್ಲಿ ಪ್ರಮೇಯವನ್ನು ತಾಳೆ ನೋಡಿ, ಉತ್ತರ ಮೈನಸ್ 1/20. ಮಕ್ಕಳಿಗೆ ಉತ್ತರ ಬಾಯಿಪಾಠ. ಆ ಪ್ರದೇಶದಲ್ಲಿ ಕೆಟ್ಟ ಬಿಂದುವೇ ಇಲ್ಲ, ಹಾಗಾಗಿ ಪ್ರಮೇಯಕ್ಕೆ ಷರತ್ತು ಯಾಕೆ ಬೇಕೆಂದು ಕೇಳುವ ಸಂದರ್ಭವೇ ಬರುವುದಿಲ್ಲ. ಸೆಮಿಸ್ಟರಿನ ಓಟ, ಇಂಟರ್ನಲ್ ಅಂಕದ ಗಡಿಬಿಡಿ ಗೊತ್ತಿದೆ. ಪಾಠ ಮಾಡುವವರ ಕಷ್ಟವೂ ಗೊತ್ತಿದೆ. ಆದರೂ ವಿಭಾಗದವರಲ್ಲಿ ಒಂದು ವಿನಂತಿ. ಆ ಮೈನಸ್ 1/20ರ ಪಕ್ಕದಲ್ಲಿ ಹಿಂದಿನ ಬೆಂಚಿನವರ ಎರಡು ಪೈ ಲೆಕ್ಕವನ್ನೂ ಕೊಡಿ. ಮೊದಲು ಮೂಲಬಿಂದುವಿನ ಸುತ್ತ, ಆಮೇಲೆ ಪಕ್ಕಕ್ಕೆ ಸರಿಸಿದ ವೃತ್ತದ ಸುತ್ತ ಮಾಡಿಸಿ. ಹದಿನೈದು ನಿಮಿಷದ ಕೆಲಸ.